ದೆವ್ವ ಮರೆತಿದೆ, ಕಲ್ಲು ನೆನಪಿದೆ

ಬೆಂಗಳೂರಿನಲ್ಲಿ ಶಾಂತಿನಗರದ ಕಡೆಯಿಂದ ಡಬಲ್ ರೋಡ್ ಫ್ಲೈಓವರ್ ಹತ್ತಿದಾಗಲೆಲ್ಲ ನನ್ನ ಕಣ್ಣು ತಾನಾಗೇ ಮಧ್ಯದ ಡಿವೈಡರ್ ಕಡೆ ಹೋಗುತ್ತದೆ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದರೂ ಅಷ್ಟೇ, ಆಟೋದಲ್ಲಿದ್ದರೂ ಅಷ್ಟೇ. ಯಾವುದಾದರೂ ಕಲ್ಲು ಸಾಲು ತಪ್ಪಿದೆಯಾ, ಒಂದು ಬೈಕ್ ನುಸುಳುವಷ್ಟು ಜಾಗ ಬಿಟ್ಟಿದೆಯಾ ಅಂತ ನೋಡುತ್ತೇನೆ. ಇದು 2016ರ ಮೇ ತಿಂಗಳಲ್ಲಿ ಬಂದ ‘ಯೂ ಟರ್ನ್’ ಸಿನಿಮಾ ಹಚ್ಚಿಹೋದ ಚಟ. ಆದರೆ ವಿಚಿತ್ರ ನೋಡಿ. ಅದು ದೆವ್ವದ ಸಿನಿಮಾ. ಅದರಲ್ಲಿ ಸತ್ತ ತಾಯಿ ಇದ್ದಾಳೆ, ಸತ್ತ ಮಗು ಇದೆ, ಸಾಲುಸಾಲಾಗಿ ಹೆಣ ಬೀಳುತ್ತವೆ. ಆ ದೆವ್ವ ನನಗೆ ಒಂದು ದಿನವೂ ಕನಸಿನಲ್ಲಿ ಬಂದಿಲ್ಲ, ಮನೆಯಲ್ಲಿ ಒಬ್ಬನೇ ಇದ್ದಾಗಲೂ ನೆನಪಾಗಿಲ್ಲ. ನೆನಪಾಗುವುದು ಆ ಸಿಮೆಂಟ್ ಕಲ್ಲು ಮಾತ್ರ. ಹೆದರಿಸಲಿ ಅಂತ ಇಟ್ಟದ್ದು ಹೆದರಿಸಲಿಲ್ಲ, ರಸ್ತೆಯಲ್ಲಿ ಸುಮ್ನೆ ಬಿದ್ದಿದ್ದು ಹೆದರಿಸಿತು. ಯಾಕೆ ಹೀಗೆ ಅನ್ನೋದು ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ.

ಕಥೆ ನಿಮಗೆ ಗೊತ್ತೇ ಇರುತ್ತೆ. ಗೊತ್ತಿಲ್ಲದಿದ್ದರೆ ಸಿನಿಮಾ ನೋಡಿಕೊಂಡು ಬನ್ನಿ, ಯಾಕೆಂದರೆ ಮುಂದೆ ಕೊನೆಯ ಗುಟ್ಟನ್ನೂ ಹೇಳಲಿದ್ದೇನೆ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇಂಟರ್ನ್ ಆಗಿರುವ ರಚನಾ. ಫ್ಲೈಓವರ್ ಮೇಲೆ ಕಲ್ಲು ಜರುಗಿಸಿ ಯೂ ಟರ್ನ್ ತೆಗೆದುಕೊಳ್ಳುವವರ ಬಗ್ಗೆ ಒಂದು ವರದಿ ಬರೆಯಬೇಕು ಅಂತ ಹೊರಟಿದ್ದಾಳೆ. ಅಲ್ಲೇ ಇರುವ ಮನೆಮಠ ಇಲ್ಲದ ಒಬ್ಬ ಮನುಷ್ಯ ಅವಳಿಗೆ ಗಾಡಿ ನಂಬರ್ ಬರೆದು ಕೊಡುತ್ತಾನೆ. ಆ ನಂಬರ್ ಹಿಡಿದು ಹೋದರೆ ಪಟ್ಟಿಯಲ್ಲಿದ್ದವರೆಲ್ಲ ಸತ್ತಿದ್ದಾರೆ, ಅದೂ ಟರ್ನ್ ತೆಗೆದುಕೊಂಡ ದಿನವೇ. ಇಷ್ಟು ಸಾಕು.

ಇಂಟರ್‌ವಲ್‌ನಲ್ಲಿ ಕೇಳಿದ ಮಾತು

ನಾನು ಅದನ್ನು ಮೊದಲು ನೋಡಿದ್ದು ಥಿಯೇಟರಿನಲ್ಲೇ. ಅರ್ಧಕ್ಕರ್ಧ ಖಾಲಿ. ಮುಂದಿನ ಸಾಲಿನಲ್ಲಿ ಕಾಲೇಜು ಹುಡುಗರ ಗುಂಪು, ಶುರುವಿನಲ್ಲಿ ವಿಸಿಲ್ ಹೊಡೆಯುತ್ತಿದ್ದರು. ಆಮೇಲಾಮೇಲೆ ಸುಮ್ಮನಾದರು. ಇಂಟರ್‌ವಲ್‌ನಲ್ಲಿ ಕಾಫಿಗೆ ನಿಂತಿದ್ದಾಗ ನನ್ನ ಮುಂದೆ ಅದೇ ಗುಂಪಿನ ಇಬ್ಬರಿದ್ದರು. ಒಬ್ಬ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಇನ್ನೊಬ್ಬ ಅವನ ಭುಜಕ್ಕೆ ಗುದ್ದಿ, “ಮಗಾ, ಅವತ್ತು ನೀನೂ ಎತ್ತಿದ್ದೆ ಅಲ್ವೇನೋ?” ಅಂದ. ಹೆಲ್ಮೆಟ್ ಹುಡುಗ ನಕ್ಕ. “ಎತ್ತಿಲ್ಲ ಕಣೋ, ಸ್ವಲ್ಪ ಪಕ್ಕಕ್ಕೆ ಜರುಗಿಸ್ದೆ ಅಷ್ಟೇ.” ಕಾಫಿ ಕೊಡುತ್ತಿದ್ದವನು ಕೂಡ ನಕ್ಕ. ಆದರೆ ಹುಡುಗನ ನಗು ಸ್ವಲ್ಪ ಬೇಗ ನಿಂತಿತು. “ವಾಪಸ್ ಇಟ್ಟೆ ಅನ್ಸತ್ತೆ” ಅಂತ ಸೇರಿಸಿದ, ಯಾರೂ ಕೇಳದಿದ್ದರೂ.

ನನ್ನ ಪ್ರಕಾರ ಈ ಸಿನಿಮಾದ ಅತಿ ದೊಡ್ಡ ಗೆಲುವು ಆ ಕೊನೆಯ ಮಾತು. ನಮ್ಮ ಹಳೇ ದೆವ್ವದ ಸಿನಿಮಾಗಳಲ್ಲಿ ದೆವ್ವಕ್ಕೆ ಸಿಗುವವರು ದೊಡ್ಡ ಪಾಪ ಮಾಡಿರಬೇಕು. ಕೊಲೆ ಮಾಡಿರಬೇಕು, ಆಸ್ತಿ ಹೊಡೆದಿರಬೇಕು, ಹೆಣ್ಣಿಗೆ ಮೋಸ ಮಾಡಿರಬೇಕು. ಇಲ್ಲವೇ ಹೋಗಬಾರದ ಬಂಗಲೆಗೆ ಹೋಗಿರಬೇಕು. ನೋಡುವವರು ಹಾಯಾಗಿ ಕೂತಿರುತ್ತಾರೆ, ಯಾಕೆಂದರೆ ನಾವು ಆ ಬಂಗಲೆಗೆ ಹೋಗುವವರಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ತಪ್ಪು ಎಷ್ಟು ಚಿಕ್ಕದು ಅಂದರೆ ಅದನ್ನು ತಪ್ಪು ಅಂತ ಕರೆದರೆ ಜನ ನಗುತ್ತಾರೆ. ಆಫೀಸಿಗೆ ಲೇಟಾಗಿದೆ, ಫ್ಲೈಓವರ್ ಕೊನೆವರೆಗೆ ಹೋಗಿ ತಿರುಗಿ ಬರಬೇಕು, ಮಧ್ಯದಲ್ಲಿ ಕಲ್ಲು ಸಡಿಲ ಇದೆ. ಗಾಡಿ ಸ್ಟ್ಯಾಂಡ್ ಹಾಕಿ, ಇಳಿದು, ಎರಡೂ ಕೈಯಲ್ಲಿ ಎಳೆದು, ನುಗ್ಗಿ ಹೋಗುವುದು. ಕಲ್ಲನ್ನು ಮತ್ತೆ ಸಾಲಿಗೆ ಸೇರಿಸುವಷ್ಟು ಹೊತ್ತು ಯಾರಿಗಿದೆ? ಹಿಂದೆ ಬರುವ ಸ್ಕೂಟರಿನವಳಿಗೆ ಆ ಕಲ್ಲು ಕಾಣುವುದು ತೀರಾ ಹತ್ತಿರ ಬಂದಮೇಲೆ. ಅಷ್ಟರಲ್ಲಿ ಜರುಗಿಸಿದವನು ಆಫೀಸಿನಲ್ಲಿ ಕೂತು ಟೀ ಕುಡಿಯುತ್ತಿರುತ್ತಾನೆ. ಅವನಿಗೆ ತಾನು ಏನು ಮಾಡಿದೆ ಅಂತ ಜೀವನಪೂರ್ತಿ ಗೊತ್ತಾಗಲ್ಲ.

ಈ ಯೋಚನೆಗೆ ಒಂದು ಪೈಸೆ ಖರ್ಚಿಲ್ಲ. ಗ್ರಾಫಿಕ್ಸ್ ಬೇಡ, ಸೆಟ್ ಬೇಡ. ಆ ರಸ್ತೆ ಇತ್ತು, ಆ ಕಲ್ಲುಗಳಿದ್ದವು, ಅದನ್ನು ಜರುಗಿಸುವ ಜನರೂ ಇದ್ದರು. ನಿರ್ದೇಶಕ ಪವನ್ ಕುಮಾರ್ ಅವರಿಗೆ ಕಥೆ ಹೊಳೆದದ್ದೇ ಆ ಫ್ಲೈಓವರ್ ಮೇಲೆ ನಡೆಯುತ್ತಿದ್ದ ಇದೇ ಚಾಳಿಯಿಂದ. ಹಣ ಕಡಿಮೆ ಇದ್ದಾಗ ಕಥೆಯನ್ನು ಊರೊಳಗೇ ಹುಡುಕಬೇಕಾಗುತ್ತೆ ಅನ್ನೋದು ಬಹುಶಃ ಸಣ್ಣ ಸಿನಿಮಾಗಳಿಗೆ ಸಿಗುವ ಅದೃಷ್ಟ. ಕೈತುಂಬ ದುಡ್ಡಿದ್ದವರು ಹಿಮಾಚಲಕ್ಕೋ ಯುರೋಪಿಗೋ ಹೋಗಿ ಅಲ್ಲೊಂದು ಬಂಗಲೆ ಹಿಡಿಯುತ್ತಿದ್ದರು.

ದುಡ್ಡಿಲ್ಲದ್ದು ಎಲ್ಲಿ ಒಳ್ಳೆಯದಾಯಿತು

ಪವನ್ ಕುಮಾರ್ ಇದಕ್ಕೆ ಮೊದಲು ಮಾಡಿದ ‘ಲೂಸಿಯಾ’ 2013ರದ್ದು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು. ಪ್ರೇಕ್ಷಕರೇ ನಿರ್ಮಾಪಕರು ಅಂತ ಆಗ ದೊಡ್ಡ ಸುದ್ದಿ. ‘ಯೂ ಟರ್ನ್’ ಬಂದಾಗಲೂ ಅವರ ಹಿಂದೆ ದೊಡ್ಡ ಬ್ಯಾನರ್ ಇರಲಿಲ್ಲ, ದೊಡ್ಡ ಸ್ಟಾರ್ ಇರಲಿಲ್ಲ. ನಾಯಕಿ ಶ್ರದ್ಧಾ ಶ್ರೀನಾಥ್ ಆಗ ಯಾರಿಗೂ ಗೊತ್ತಿಲ್ಲದ ಮುಖ. ಸಬ್ ಇನ್‌ಸ್ಪೆಕ್ಟರ್ ನಾಯಕ್ ಆಗಿ ರೋಜರ್ ನಾರಾಯಣ್. ಆ ಪಾತ್ರಕ್ಕೆ ಅಭಿಮಾನಿ ಸಂಘ ಇಲ್ಲ, ಎಂಟ್ರಿ ಸಾಂಗ್ ಇಲ್ಲ, ಸ್ಲೋ ಮೋಷನ್‌ನಲ್ಲಿ ಬೂಟು ಇಲ್ಲ. ನಿದ್ದೆಗೆಟ್ಟ, ಆದರೆ ಕೆಲಸ ಗೊತ್ತಿರುವ ಪೊಲೀಸ್ ಅಷ್ಟೇ.

ಹಾರರ್ ಸಿನಿಮಾದಲ್ಲಿ ಹೊಸ ಮುಖ ಅಂದರೆ ಬರೀ ಸಂಬಳ ಉಳಿಯುವುದಲ್ಲ. ಈ ಹುಡುಗಿ ಸಾಯಬಹುದು ಅನ್ನೋ ಭಯ ನಿಜವಾಗಿ ಹುಟ್ಟುತ್ತೆ. ಇದು ನನಗೆ ಚೆನ್ನಾಗಿ ಅರ್ಥವಾದದ್ದು 2018ರಲ್ಲಿ ಇದೇ ನಿರ್ದೇಶಕರು ಇದನ್ನೇ ತಮಿಳು ಮತ್ತು ತೆಲುಗಿನಲ್ಲಿ ಸಮಂತಾ ಅವರನ್ನಿಟ್ಟು ಮಾಡಿದಾಗ. ಕೆಲಸ ಅಚ್ಚುಕಟ್ಟು, ಬೆಳಕು ಚೆಂದ, ಸಮಂತಾ ನಟನೆಯಲ್ಲೂ ಹೆಸರಿಡುವ ಹಾಗಿಲ್ಲ. ಆದರೂ ಅವರ ಮುಖ ಪರದೆ ಮೇಲೆ ಬಂದ ತಕ್ಷಣ ನನ್ನೊಳಗಿನ ಹೆದರಿಕೆ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಇವರಿಗೇನೂ ಆಗಲ್ಲ ಬಿಡಿ ಅಂತ ಗೊತ್ತಾಯಿತು. ಶ್ರದ್ಧಾ ವಿಷಯದಲ್ಲಿ ಆ ಧೈರ್ಯ ಇರಲಿಲ್ಲ. ಅಮ್ಮನ ಜೊತೆ ಮದುವೆ ವಿಷಯಕ್ಕೆ ಆಟೋದಲ್ಲಿ ವಾದ ಮಾಡುವ, ಆಫೀಸಿನ ಹುಡುಗನ ಮೇಲೆ ಮನಸ್ಸಿದ್ದರೂ ಹೇಳಲು ಒದ್ದಾಡುವ ಹುಡುಗಿ ಅವಳು. ನಮ್ಮ ಪಿಜಿಯ ಪಕ್ಕದ ರೂಮಿನಲ್ಲಿ ಇರುವಂಥವಳು. ಅವರಿಗೆ ಆ ವರ್ಷದ ಫಿಲ್ಮ್‌ಫೇರ್ ಅತ್ಯುತ್ತಮ ನಟಿ ಪ್ರಶಸ್ತಿ ಬಂದಿದ್ದು ನನಗೇನೂ ಆಶ್ಚರ್ಯ ಅನಿಸಲಿಲ್ಲ.

ಸಿನಿಮಾದಲ್ಲಿ ಅಸೋಸಿಯೇಟ್ ಡೈರೆಕ್ಟರ್ ಆಗಿ ದುಡಿಯುವ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ಈ ವಿಷಯ ತೆಗೆದರೆ ಕಲೆ ಗಿಲೆ ಎಲ್ಲ ಪಕ್ಕಕ್ಕಿಟ್ಟು ಲೆಕ್ಕ ಶುರು ಮಾಡುತ್ತಾನೆ. “ನೈಟ್ ಶೂಟ್ ಅಂದ್ರೆ ದುಡ್ಡು ಕರಗತ್ತೆ ಗುರೂ. ಜನರೇಟರ್, ಲೈಟು, ಯೂನಿಟ್‌ಗೆ ಡಬಲ್ ಬಾಟಾ (ದಿನಭತ್ಯೆ), ರಾತ್ರಿ ಊಟ. ರೋಡ್ ಆದ್ರೆ ಪರ್ಮಿಷನ್ನು, ಜನ ಕಂಟ್ರೋಲು. ಅದಕ್ಕೇ ಬುದ್ಧಿ ಇರೋನು ನಾಲ್ಕು ಗೋಡೆ ಒಳಗೆ ಕಥೆ ತರ್ತಾನೆ.” ಈ ಮಾತು ಕೇಳಿದ ಮೇಲೆ ಸಿನಿಮಾವನ್ನು ಮತ್ತೆ ನೋಡಿದರೆ ಹೊಲಿಗೆ ಕಾಣುತ್ತೆ. ಫ್ಲೈಓವರ್ ಬಹುಪಾಲು ಹಗಲಲ್ಲೇ ಇದೆ. ರಾತ್ರಿ ಬಂದಾಗ ನಾವು ಠಾಣೆಯೊಳಗೆ, ಅಪಾರ್ಟ್‌ಮೆಂಟ್ ಒಳಗೆ ಸೇರಿಕೊಳ್ಳುತ್ತೇವೆ. ಲಾಭ ಏನಾಯಿತು ಅಂದರೆ, ಹಗಲಲ್ಲೇ ಹೆದರಿಕೆ ಹುಟ್ಟಿತು. ಟ್ರಾಫಿಕ್ಕು, ಹಾರನ್ನು, ಬಿಸಿಲು, ಮಧ್ಯೆ ಒಬ್ಬ ಮನುಷ್ಯ ನಂಬರ್ ಬರೆದುಕೊಳ್ಳುತ್ತಾ ಕೂತಿದ್ದಾನೆ. ಅವನು ಯಾರು, ಯಾಕೆ ಬರೆಯುತ್ತಾನೆ ಅಂತ ಕೇಳುವವರಿಲ್ಲ. ಊರಲ್ಲಿ ಲೆಕ್ಕ ಇಡುತ್ತಿರುವವನು ಅವನೊಬ್ಬನೇ.

ಹಾಡಿಲ್ಲದ್ದು ಇನ್ನೊಂದು. ಕುಣಿಯುವ ಹಾಡು, ಫಾರಿನ್ ಹಾಡು ಎರಡೂ ಇಲ್ಲ. ಇದೇನು ಕನ್ನಡಕ್ಕೆ ಹೊಸದಲ್ಲ. 1989ರಲ್ಲೇ ಸುನಿಲ್ ಕುಮಾರ್ ದೇಸಾಯಿ ‘ತರ್ಕ’ ಸಿನಿಮಾವನ್ನು ಹಾಡೇ ಇಲ್ಲದೆ ಮಾಡಿ, ಜನ ನೋಡುವ ಹಾಗೆ ಮಾಡಿದ್ದರು. ಆದರೆ ನಡುವಿನ ವರ್ಷಗಳಲ್ಲಿ ನಾವು ಅದನ್ನು ಮರೆತು, ದೆವ್ವದ ಸಿನಿಮಾದಲ್ಲೂ ಒಂದು ಐಟಂ ಸಾಂಗ್ ಹಾಕುವ ಮಟ್ಟಕ್ಕೆ ಬಂದಿದ್ದೆವು. ಅದರ ಪಕ್ಕ ಇಟ್ಟು ನೋಡಿದರೆ ‘ಯೂ ಟರ್ನ್’ ಎಷ್ಟು ಬಿಗಿ ಅಂತ ಗೊತ್ತಾಗುತ್ತೆ.

ಲಾಕಪ್

ಒಂದು ದೃಶ್ಯ ಮಾತ್ರ ನಿಧಾನಕ್ಕೆ ಹೇಳಬೇಕು. ಯೂ ಟರ್ನ್ ತೆಗೆದುಕೊಂಡ ಇಬ್ಬರು ಹುಡುಗರು ಸಿಕ್ಕಿದ್ದಾರೆ. ಅದೇ ದಿನ ಸಾಯುತ್ತಾರೆ ಅನ್ನೋದು ನಾಯಕ್‌ಗೂ ರಚನಾಗೂ ಗೊತ್ತು. ಹಾಗಾದರೆ ಏನು ಮಾಡಬೇಕು? ಠಾಣೆಗೆ ತಂದು ಲಾಕಪ್ಪಿಗೆ ಹಾಕುವುದು. ಸುತ್ತ ಪೊಲೀಸರು, ಮಧ್ಯೆ ಕಂಬಿ, ಇದಕ್ಕಿಂತ ಸೇಫ್ ಜಾಗ ಊರಲ್ಲಿ ಎಲ್ಲಿದೆ? ನೋಡುತ್ತಿರುವ ನಮಗೂ ಹಾಗೇ ಅನಿಸುತ್ತೆ. ಆಮೇಲೆ ಆ ಇಬ್ಬರ ನಡುವೆ ಒಂದು ಚಿಕ್ಕ ಕಿರಿಕಿರಿ. ಮಾತಿಗೆ ಮಾತು. ಒಬ್ಬ ಇನ್ನೊಬ್ಬನನ್ನು ತಳ್ಳುತ್ತಾನೆ. ಅಲ್ಲಿಂದ ಮುಂದೆ ಅದು ಹುಡುಗರ ಜಗಳದ ಹಾಗೆ ಇರಲ್ಲ. ಹೊರಗಿನಿಂದ ಬರುವ ಅಪಾಯಕ್ಕೆ ಅಂತ ಕಂಬಿ ಹಾಕಿದ್ದರು, ಅಪಾಯ ಒಳಗೇ ಇತ್ತು. ಬದುಕಿಸಲು ಮಾಡಿದ ಏರ್ಪಾಡೇ ಸಾಯಿಸಲು ಅನುಕೂಲ ಮಾಡಿಕೊಟ್ಟಿತು.

ಥಿಯೇಟರಿನಲ್ಲಿ ಆ ಹೊತ್ತಿಗೆ ಮುಂದಿನ ಸಾಲಿನಿಂದ ಒಂದು ಸದ್ದೂ ಇರಲಿಲ್ಲ. ಅಲ್ಲಿ ದೆವ್ವವನ್ನು ತೋರಿಸುವ ಅಗತ್ಯವೇ ಬಿದ್ದಿಲ್ಲ. ಇಬ್ಬರು ನಟರು, ಒಂದು ಚಿಕ್ಕ ಕೋಣೆ, ಪೂರ್ಣಚಂದ್ರ ತೇಜಸ್ವಿ ಅವರ ಹಿನ್ನೆಲೆ ಸಂಗೀತ. ಇಷ್ಟರಲ್ಲೇ ಕೆಲಸ ಮುಗಿದಿದೆ. ಕೋಟಿಗಟ್ಟಲೆ ಸುರಿದ ಎಷ್ಟೋ ಹಾರರ್ ಸಿನಿಮಾಗಳಲ್ಲಿ ಇಂಥ ಐದು ನಿಮಿಷ ಇರಲ್ಲ. ನನ್ನನ್ನು ಕೇಳಿದರೆ ಸಿನಿಮಾ ಇಲ್ಲಿ ತನ್ನ ತುದಿ ಮುಟ್ಟಿತು. ಇನ್ನೂ ಸುಮಾರು ಕಥೆ ಬಾಕಿ ಇತ್ತು, ಅದೇ ತೊಂದರೆ.

ಮಾಯಾ ಬಂದಮೇಲೆ

ಲಾಕಪ್ ದೃಶ್ಯದ ತನಕ ನಮ್ಮ ಮುಂದಿರುವುದು ಒಂದು ಪಟ್ಟಿ, ಒಂದು ಕಲ್ಲು, ಒಂದು ನಿಯಮ. ಯಾರು ಸಾಯಿಸುತ್ತಿದ್ದಾರೆ ಅಂತ ಗೊತ್ತಿಲ್ಲ. ರಸ್ತೆಯೇ ಸೇಡು ತೀರಿಸಿಕೊಳ್ಳುತ್ತಿದೆಯಾ ಅಂತ ಕೂಡ ಅನಿಸುತ್ತೆ. ಆಮೇಲೆ ರಚನಾ ತಾನೇ ಬೇಕಂತ ಯೂ ಟರ್ನ್ ತೆಗೆದುಕೊಳ್ಳುತ್ತಾಳೆ. ಅದು ಒಳ್ಳೆಯ ತಿರುವು, ಧೈರ್ಯದ ತಿರುವು. ಅದರ ಬೆನ್ನಿಗೇ ದೆವ್ವಕ್ಕೆ ಒಂದು ಹೆಸರು ಬರುತ್ತೆ, ಮಾಯಾ. ರಾಧಿಕಾ ಚೇತನ್ ಮಾಡಿದ್ದಾರೆ. ಅವಳಿಗೆ ಒಂದು ಮಗು, ಗಂಡ, ಸಂಸಾರ, ಫ್ಲ್ಯಾಶ್‌ಬ್ಯಾಕ್. ಯಾರೋ ಜರುಗಿಸಿದ ಕಲ್ಲಿಗೆ ಸಿಕ್ಕಿ ತಾಯಿ ಮಗು ಇಬ್ಬರೂ ಸತ್ತಿದ್ದಾರೆ. ಆ ಯಾರೋ ಸಿಗುವ ತನಕ ಟರ್ನ್ ತೆಗೆದುಕೊಂಡವರನ್ನೆಲ್ಲ ಕೊಲ್ಲುತ್ತಿದ್ದಾಳೆ.

ಇದು ನಮಗೆ ಗೊತ್ತಿರುವ ದೆವ್ವ. ಅನ್ಯಾಯವಾಗಿ ಸತ್ತ ಹೆಂಗಸು, ಸೇಡು. ಎಷ್ಟು ಸಲ ನೋಡಿದ್ದೇವೆ! ಅಲ್ಲಿತನಕ ಹೊಸದಾಗಿದ್ದ ಸಿನಿಮಾ ಇಲ್ಲಿ ಹಳೇ ಮನೆಗೆ ವಾಪಸ್ ಬಂದ ಹಾಗೆ ಆಯಿತು. ಬಿಳಿಚಿದ ಮುಖ, ದಡಕ್ಕನೆ ಏರುವ ಸದ್ದು, ಲೈಟು ಪಿಳಿಪಿಳಿ. ಇಲ್ಲಿ ಬಜೆಟ್ಟು ಕಣ್ಣಿಗೆ ಹೊಡೆಯುತ್ತೆ. ದೆವ್ವವನ್ನು ತೋರಿಸಲು ಹೋದರೆ ಕಾಸಿಲ್ಲದ್ದು ಕಾಣುತ್ತೆ, ತೋರಿಸದಿದ್ದರೆ ಕಾಣಲ್ಲ. 1999ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇದನ್ನು ಹಟದಿಂದ ಪಾಲಿಸಿತ್ತು. ಕ್ಯಾಮೆರಾವನ್ನು ನಟರ ಕೈಗೇ ಕೊಟ್ಟು ಕಾಡಿಗೆ ಬಿಟ್ಟರು, ಕೊನೆಯ ತನಕ ಮಾಟಗಾತಿಯನ್ನು ಒಂದು ಸಲವೂ ತೋರಿಸಲಿಲ್ಲ. ಅದೇ ದಾರಿಯಲ್ಲಿ ನಮ್ಮಲ್ಲಿ 2013ರಲ್ಲಿ ‘6-5=2’ ಬಂತು. ಚಾರಣಕ್ಕೆ ಹೋದ ಹುಡುಗರು, ಅಲುಗಾಡುವ ಕ್ಯಾಮೆರಾ. ಅದನ್ನು ನಿಜವಾಗಿ ಸಿಕ್ಕ ವಿಡಿಯೋ ಅಂತ ನಂಬಿ ಬೆವರಿದವರನ್ನು ನಾನೇ ನೋಡಿದ್ದೇನೆ. ಆ ಎರಡೂ ಸಿನಿಮಾಗಳಿಗೆ ಬೇರೆ ಕಾಯಿಲೆಗಳಿವೆ, ಒಮ್ಮೆ ನಂಬಿಕೆ ಹೋದರೆ ಎರಡನೇ ಸಲ ನೋಡಲಾಗಲ್ಲ. ‘ಯೂ ಟರ್ನ್’ ಎರಡನೇ ಸಲವೂ ನಿಲ್ಲುತ್ತೆ, ಆದರೆ ಅರ್ಧ ಮಾತ್ರ.

ಚಿಕ್ಕಮ್ಮನ ತಕರಾರು

ಆ ಎರಡನೇ ಸಲ ನೋಡಿದ್ದು ಮನೆಯಲ್ಲಿ, ಚಿಕ್ಕಮ್ಮನ ಜೊತೆ. ಅವರಿಗೆ ದೆವ್ವದ ಸಿನಿಮಾ ಅಂದರೆ ಪ್ರಾಣ. ಹುರುಳಿಕಾಯಿ ಬಿಡಿಸಿಕೊಂಡು ನೋಡುತ್ತಾರೆ, ಹೆದರುವುದಿಲ್ಲ. ಕೊನೆಯಲ್ಲಿ ಗುಟ್ಟು ಬಿಚ್ಚಿಕೊಂಡಿತು. ಆ ದಿನ ಕಲ್ಲು ಜರುಗಿಸಿದವನು ಬೇರೆ ಯಾರೂ ಅಲ್ಲ, ಮಾಯಾಳ ಗಂಡನೇ. ನಾನು ಅವರ ಮುಖ ನೋಡಿದೆ, ಏನನ್ನುತ್ತಾರೆ ಅಂತ. ಗಂಡ ಸಾಯಲು ಸಿದ್ಧ. ಮಾಯಾ ಅವನನ್ನು ಕೊಲ್ಲುವುದಿಲ್ಲ. ಮಾಡಿದ್ದನ್ನು ನೆನೆದುಕೊಂಡು ಬದುಕು ಅಂತ ಬಿಟ್ಟುಹೋಗುತ್ತಾಳೆ.

ಚಿಕ್ಕಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಾ, “ಅಲ್ಲ ಕಣೋ, ಅವಳ ಗಂಡನ್ನ ಬಿಟ್ಲು. ಉಳಿದವ್ರೇನು ಬಿಟ್ಟಿ ಬಿದ್ದಿದ್ರಾ? ಅವ್ರೂ ಯಾರ್ದೋ ಮನೆ ಮಕ್ಳಲ್ವಾ?” ಅಂದರು. ನಾನು ಸಮರ್ಥನೆಗೆ ಇಳಿದೆ. ಬದುಕಿರುವುದೇ ದೊಡ್ಡ ಶಿಕ್ಷೆ, ಸಾವು ಅವನಿಗೆ ಬಿಡುಗಡೆ ಆಗಿಬಿಡುತ್ತಿತ್ತು, ಹೀಗೆಲ್ಲ. ಅವರು ಒಪ್ಪಲಿಲ್ಲ. “ಹಂಗಾದ್ರೆ ಎಲ್ಲರಿಗೂ ಅದೇ ಶಿಕ್ಷೆ ಕೊಡ್ಬೇಕಿತ್ತು. ಮನೆಯವನಿಗೊಂದು, ಬೀದಿಯವನಿಗೊಂದಾ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಸಿನಿಮಾದ ಹತ್ತಿರವೂ ಇಲ್ಲ. ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿದ್ದವರು, ಆಮೇಲೆ ಟರ್ನ್ ತೆಗೆದುಕೊಂಡ ಒಬ್ಬ ವಕೀಲ, ಆಮೇಲೆ ಲಾಕಪ್ಪಿನ ಹುಡುಗರು. ಮಾಯಾ ಸತ್ತ ದಿನ ಇವರು ಯಾರೂ ಆ ಕಲ್ಲು ಮುಟ್ಟಿದವರಲ್ಲ. ಇವರು ಜರುಗಿಸಿದ ಕಲ್ಲಿನಿಂದ ಯಾರಾದರೂ ಸತ್ತರೋ ಇಲ್ಲವೋ, ಅದನ್ನೂ ಸಿನಿಮಾ ಕೇಳಲ್ಲ. ತಪ್ಪು ಮಾಡಿದರು ನಿಜ, ಅದಕ್ಕೆ ದಂಡ ಕಟ್ಟಿಸಬಹುದು, ಲೈಸೆನ್ಸ್ ಕಿತ್ತುಕೊಳ್ಳಬಹುದು. ಸತ್ತರು. ಯಾರ ತಪ್ಪಿಗೆ ಮಾಯಾ ಸತ್ತಳೋ ಅವನು ಉಳಿದ. ಇದು ಭಯಂಕರ ಅನ್ಯಾಯ. ನಿರ್ದೇಶಕರು ಆ ಅನ್ಯಾಯವನ್ನೇ ನೆಟ್ಟಗೆ ನೋಡಿದ್ದರೆ ಇದು ಬೇರೆಯೇ ಮಟ್ಟದ ಸಿನಿಮಾ ಆಗುತ್ತಿತ್ತು. ದೆವ್ವಕ್ಕೂ ತನ್ನವರು, ಪರರು ಅನ್ನೋ ಭೇದ ಇದೆ ಅನ್ನೋದು ಬಹಳ ಹೆದರಿಸುವ ವಿಚಾರ ಅಲ್ವಾ? ಆದರೆ ಅಲ್ಲಿ ಕರುಣೆಯ ಸಂಗೀತ ಶುರುವಾಗುತ್ತೆ. ನಾವು ಗಂಡನಿಗಾಗಿ ಮರುಗಬೇಕು ಅಂತ ಸಿನಿಮಾ ಕೇಳಿಕೊಳ್ಳುತ್ತೆ.

ತಿರುವು ಚುರುಕಾಗಿದೆ, ಅದನ್ನು ಅಲ್ಲಗಳೆಯಲ್ಲ. ಮೊದಲ ಸಲ ನೋಡಿದಾಗ ನಾನೂ ಸೀಟಿನಲ್ಲಿ ನೆಟ್ಟಗಾಗಿದ್ದೆ. ಆದರೆ ಅದು ಕಥೆಯನ್ನು ಕಿರಿದು ಮಾಡಿತು. ಊರಿಗೆಲ್ಲ ಸೇರಿದ್ದ ತಪ್ಪು ಒಂದು ಮನೆಯ ದುಃಖವಾಯಿತು. ಕಾಫಿ ಕೌಂಟರಿನ ಆ ಹುಡುಗ ಆಟದಿಂದ ಹೊರಬಂದ. ಗಂಡನೇ ಮಾಡಿದ್ದಂತೆ ಬಿಡು, ನಾನಲ್ಲ ಅಂತ ಅವನು ಆರಾಮಾಗಿ ಹೆಲ್ಮೆಟ್ ಹಾಕಿಕೊಂಡು ಹೋಗಬಹುದು.

ಹೊರಗುಳಿದವರು ಇನ್ನೂ ಇದ್ದಾರೆ. ಕೈಯಲ್ಲಿ ಎಳೆದರೆ ಬರುವಂಥ ಕಲ್ಲನ್ನು ಫ್ಲೈಓವರ್ ಮಧ್ಯೆ ಇಟ್ಟವರು ಯಾರು? ಅಪಘಾತದ ಮೇಲೆ ಅಪಘಾತ ಆದರೂ ಅದನ್ನು ಗಟ್ಟಿಯಾಗಿ ಕೂರಿಸದೆ ಬಿಟ್ಟವರು ಯಾರು? ರಚನಾ ಪತ್ರಕರ್ತೆ. ಅವಳು ಮೊದಲು ಕೇಳಬೇಕಾದ ಪ್ರಶ್ನೆ ಇದು. ಅವಳು ಬೈಕಿನವರ ಮನೆ ಬಾಗಿಲು ತಟ್ಟುತ್ತಾಳೆ, ಒಂದು ಸರ್ಕಾರಿ ಕಚೇರಿಯ ಬಾಗಿಲನ್ನೂ ಆ ಪ್ರಶ್ನೆ ಹಿಡಿದು ತಟ್ಟಲ್ಲ. ಮಾಯಾ ಕೂಡ ಅತ್ತ ಹೋಗಲ್ಲ. ಬಡಪಾಯಿ ದೆವ್ವಕ್ಕೂ ಸಿಗುವುದು ಟೂ ವೀಲರ್‌ನವರೇ. ಇದಕ್ಕೆ ದುಡ್ಡು ಬೇಕಿರಲಿಲ್ಲ, ಒಂದು ಮೇಜು, ಒಂದು ಫೈಲು, ಎದುರಿಗೊಬ್ಬ ನಟ ಸಾಕಿತ್ತು. ಹಾಗಾಗಿ ಈ ಕೊರತೆಯನ್ನು ಬಜೆಟ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಬಿಳಿಚಿದ ಮೇಕಪ್ಪು, ಪಿಳಿಪಿಳಿ ಲೈಟು ಬೇಕಾದರೆ ಬಜೆಟ್ಟಿನ ಕೊರತೆ. ಇದು ಬರವಣಿಗೆಯ ಕೊರತೆ.

ಈ ಕಥೆ ಆಮೇಲೆ ಎಲ್ಲೆಲ್ಲೋ ಹೋಯಿತು. ಮಲಯಾಳಂನಲ್ಲಿ 2017ರಲ್ಲಿ ‘ಕೇರ್‌ಫುಲ್’ ಅಂತ ಬಂತು. ಫಿಲಿಪ್ಪೀನ್ಸ್‌ನಲ್ಲಿ 2020ರಲ್ಲಿ, ಬಂಗಾಳಿಯಲ್ಲಿ 2021ರಲ್ಲಿ, ಹಿಂದಿಯಲ್ಲಿ 2023ರಲ್ಲಿ. ಕನ್ನಡದ ಒಂದು ಸಣ್ಣ ಸಿನಿಮಾ ಇಷ್ಟು ಊರು ಸುತ್ತಿದ್ದು ಖುಷಿಯ ವಿಷಯ. ಅಷ್ಟೆಲ್ಲ ಕಡೆ ಹೋಗಲು ಅದಕ್ಕೆ ಪಾಸ್‌ಪೋರ್ಟ್ ಆಗಿದ್ದು ಆ ಕಲ್ಲೇ ಅಂತ ನನ್ನ ಗುಮಾನಿ. ಸೇಡಿನ ದೆವ್ವ ಎಲ್ಲ ಊರಲ್ಲೂ ಬೇಕಾದಷ್ಟಿವೆ, ಯಾರೂ ಕನ್ನಡದಿಂದ ತರಿಸಿಕೊಳ್ಳಬೇಕಾಗಿಲ್ಲ. ಅಡ್ಡ ದಾರಿ ಹಿಡಿದು ಹತ್ತು ನಿಮಿಷ ಉಳಿಸುವ ಜನರೂ ಎಲ್ಲ ಊರಲ್ಲೂ ಇದ್ದಾರೆ, ಅವರ ಮೇಲೆ ಕಥೆ ಮಾಡಬಹುದು ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಇನ್ನು ನನಗೆ ಉಳಿದಿರುವ ದೂರು ನಾಯಕ್‌ನದ್ದು. ಅವನು ಸಿನಿಮಾದ ಅತ್ಯಂತ ಪ್ರಾಮಾಣಿಕ ಪಾತ್ರ. ಒಂದೊಂದೇ ಸಾವು ಆತ್ಮಹತ್ಯೆ ಅಂತ ಬೇರೆ ಬೇರೆ ಕಡೆ ದಾಖಲಾಗಿದ್ದಾಗ ಅದನ್ನೆಲ್ಲ ಒಂದು ಕಡೆ ಇಟ್ಟು ನೋಡಿದವನು ಅವನು. ಅವನ ಲಾಕಪ್ಪಿನಲ್ಲೇ ಇಬ್ಬರು ಹುಡುಗರು ಸತ್ತಿದ್ದಾರೆ. ಕಸ್ಟಡಿ ಸಾವು, ಸಾಮಾನ್ಯ ವಿಷಯ ಅಲ್ಲ. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ವರದಿ ಹೋಗಬೇಕು, ಮನೆಯವರು ಠಾಣೆ ಮುಂದೆ ಬಂದು ಕೂರುತ್ತಾರೆ. ಎಲ್ಲ ಗುಟ್ಟೂ ಗೊತ್ತಾದ ಮೇಲೆ ಅವನು ಮರುದಿನ ಠಾಣೆಗೆ ಹೋಗಿ ಆ ಹುಡುಗರ ಅಪ್ಪ ಅಮ್ಮನಿಗೆ ಏನು ಹೇಳಿದ? ಫೈಲಿನಲ್ಲಿ ಸಾವಿಗೆ ಕಾರಣ ಅನ್ನೋ ಕಡೆ ಏನು ಬರೆದ? ಸಿನಿಮಾ ಅದನ್ನು ತೋರಿಸದೆಯೇ ಮುಗಿದುಬಿಡುತ್ತೆ. ನನಗೆ ಆ ಒಂದು ದೃಶ್ಯ ಬೇಕಿತ್ತು, ಅದಕ್ಕಾಗಿ ಫ್ಲ್ಯಾಶ್‌ಬ್ಯಾಕ್ ಪೂರ್ತಿ ಬಿಟ್ಟುಕೊಡಲೂ ನಾನು ತಯಾರಿದ್ದೆ.